ಅಳೆಯಬೇಕಾದ್ದು ಸಿಗರೇಟಿನ ಎದುರಲ್ಲ, ಗಾಳಿಯ ಎದುರು

ವೇಪ್ ಸಿಗರೇಟಿಗಿಂತ ವಾಸಿ ಎಂಬುದು ಹಳೆಯ ಧೂಮಪಾನಿಗಳನ್ನು ಕುರಿತ ಮಾತು. ಒಂದು ಸಿಗರೇಟನ್ನೂ ಹಚ್ಚದ ಎಳೆಯರು ಅದನ್ನು ತಮ್ಮ ಪಾಲಿನ ಅಭಯವೆಂದು ತಿಳಿದರೆ ಬೆಲೆ ತೆರುವುದು ಅವರ ಶ್ವಾಸಕೋಶ.

2019ರ ಜುಲೈನಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದ ಮಕ್ಕಳ ಆಸ್ಪತ್ರೆಗೆ ಹದಿಹರೆಯದವರು ಒಬ್ಬರ ಹಿಂದೊಬ್ಬರು ಏದುಸಿರು ಬಿಡುತ್ತಾ ಬಂದು ಸೇರತೊಡಗಿದರು. ಕೆಮ್ಮು, ಎದೆನೋವು, ಜ್ವರದ ಜೊತೆಗೆ ವಾಂತಿ, ಭೇದಿ, ಕೆಲವರಂತೂ ಸೊರಗಿಹೋಗಿದ್ದರು. ಎಕ್ಸ್‌-ರೇಯಲ್ಲಿ ಕಪ್ಪಗೆ ಕಾಣಬೇಕಾದ ಶ್ವಾಸಕೋಶಗಳು ಎರಡೂ ಬದಿಯಲ್ಲಿ ಮಬ್ಬು ಬಿಳಿಯಾಗಿ ಕಾಣುತ್ತಿದ್ದವು. ನ್ಯುಮೋನಿಯಾ ಇರಬೇಕೆಂದು ಹುಡುಕಿದರೆ ಸೋಂಕಿನ ಸುಳಿವಿಲ್ಲ. ಆಂಟಿಬಯಾಟಿಕ್ ಕೊಟ್ಟರೆ ಗುಣವಿಲ್ಲ. ಈ ಎಳೆಯರಲ್ಲಿ ಸಮಾನವಾಗಿದ್ದ ಸಂಗತಿ ಒಂದೇ: ಎಲ್ಲರೂ ವೇಪ್ ಸೇದುತ್ತಿದ್ದರು. ಪಕ್ಕದ ಇಲಿನಾಯ್ ರಾಜ್ಯದಲ್ಲೂ ಅಂಥದೇ ರೋಗಿಗಳು ಸಿಕ್ಕರು. ಎರಡೂ ರಾಜ್ಯಗಳ ಮೊದಲ 53 ರೋಗಿಗಳನ್ನು ವಯಸ್ಸಿನ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವೆ ನಿಲ್ಲುವವರ ವಯಸ್ಸು 19. ಅವರಲ್ಲಿ ಹೆಚ್ಚುಕಮ್ಮಿ ಮೂವರಲ್ಲೊಬ್ಬರಿಗೆ ಗಂಟಲಿಗೆ ಕೊಳವೆ ಇಳಿಸಿ ವೆಂಟಿಲೇಟರ್ ಹಾಕಬೇಕಾಯಿತು. ‘ಇವಾಲಿ’ ಎಂದು ಹೆಸರು ಪಡೆದ ಈ ಕಾಯಿಲೆಯಿಂದ 2020ರ ಫೆಬ್ರುವರಿ ಹೊತ್ತಿಗೆ ಅಮೆರಿಕದಲ್ಲಿ ಆಸ್ಪತ್ರೆ ಸೇರಿದವರು ಅಥವಾ ತೀರಿಕೊಂಡವರು ಒಟ್ಟು 2,807 ಮಂದಿ. ಅವರಲ್ಲಿ ಸತ್ತವರು 68.

ಕಾರಣದ ಎಳೆ ಸಿಕ್ಕಿದ್ದು 2019ರ ಕೊನೆಯಲ್ಲಿ. 16 ರಾಜ್ಯಗಳ 51 ರೋಗಿಗಳ ಶ್ವಾಸಕೋಶದೊಳಕ್ಕೆ ಲವಣದ ನೀರು ಬಿಟ್ಟು, ತೊಳೆದು, ಹೊರತೆಗೆದ ದ್ರವವನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಯಿತು. 48 ಮಂದಿಯ ದ್ರವದಲ್ಲಿ ವಿಟಮಿನ್ ಇ ಅಸಿಟೇಟ್ ಎಂಬ ಎಣ್ಣೆಯಂಥ ವಸ್ತು ಸಿಕ್ಕಿತು. ಹೋಲಿಕೆಗೆಂದು ಪರೀಕ್ಷಿಸಿದ 99 ಆರೋಗ್ಯವಂತರಲ್ಲಿ ಒಬ್ಬರಲ್ಲೂ ಅದು ಇರಲಿಲ್ಲ. ಆ 99 ಜನರಲ್ಲಿ ನಿಕೋಟಿನ್ ವೇಪ್ ಬಳಸುವವರೂ ಇದ್ದರು. ಗಾಂಜಾದ ಅಮಲಿನ ಅಂಶ ತುಂಬಿದ ಕಾರ್ಟ್ರಿಜ್‌ಗಳಿಗೆ ಕಳ್ಳಸಂತೆಯ ವ್ಯಾಪಾರಿಗಳು ಈ ಎಣ್ಣೆ ಬೆರೆಸಿ ದ್ರವವನ್ನು ಮಂದಗೊಳಿಸುತ್ತಿದ್ದರು. ಇದನ್ನೇ ಹಿಡಿದು ವೇಪ್ ಪರವಾದಿಗಳು ‘ಸತ್ತದ್ದು ಕಲಬೆರಕೆ ಗಾಂಜಾ ಎಣ್ಣೆಯಿಂದ, ನಿಕೋಟಿನ್ ವೇಪ್‌ಗೂ ಅದಕ್ಕೂ ಸಂಬಂಧವಿಲ್ಲ’ ಎನ್ನುತ್ತಾರೆ. ಈ ಮಾತಿನ ಬಹುಪಾಲನ್ನು ಒಪ್ಪಬೇಕು. ಇವಾಲಿಯ ಸಾವುಗಳನ್ನೆಲ್ಲ ನಿಕೋಟಿನ್ ವೇಪ್‌ನ ಲೆಕ್ಕಕ್ಕೆ ಬರೆಯುವುದು ಪ್ರಾಮಾಣಿಕ ವಾದವಲ್ಲ. ಆದರೆ ಆ ದುರಂತ ಕಲಿಸಿದ ಪಾಠ ಗಾಂಜಾಕ್ಕಷ್ಟೇ ಸೀಮಿತವಲ್ಲ. ವಿಟಮಿನ್ ಇ ಅಸಿಟೇಟ್ ವಿಷವೆಂದು ಯಾರೂ ಅಂದುಕೊಂಡಿರಲಿಲ್ಲ. ಅದನ್ನು ಮುಖದ ಕ್ರೀಮಿನಲ್ಲಿ ಹಚ್ಚಿಕೊಳ್ಳುತ್ತೇವೆ, ಮಾತ್ರೆಯಲ್ಲಿ ನುಂಗುತ್ತೇವೆ. ಚರ್ಮಕ್ಕೂ ಹೊಟ್ಟೆಗೂ ತೊಂದರೆ ಕೊಡದ ವಸ್ತು ಬಿಸಿಯಾಗಿ ಶ್ವಾಸಕೋಶಕ್ಕೆ ಇಳಿದಾಗ ಆರೋಗ್ಯವಂತ ಹುಡುಗರನ್ನು ವೆಂಟಿಲೇಟರ್‌ಗೆ ತಂದಿತು. ವೇಪ್ ಕುರಿತ ಚರ್ಚೆ ಇಲ್ಲಿಂದ ಶುರುವಾಗಬೇಕು.

ಕೊಳವೆಯೊಳಗೆ ಏನಿದೆ

ವೇಪ್ ಅಥವಾ ಇ-ಸಿಗರೇಟು ಎಂಬ ಉಪಕರಣ ನೋಡಲು ಪೆನ್ನಿನಷ್ಟೋ ಪೆನ್‌ಡ್ರೈವ್‌ನಷ್ಟೋ ಇರುತ್ತದೆ. ಚೀನಾದ ಔಷಧತಜ್ಞ ಹಾನ್ ಲಿಕ್ 2003ರಲ್ಲಿ ರೂಪಿಸಿದ ಮಾದರಿಯಿಂದ ಇಂದಿನವರೆಗೆ ಅದು ಬದಲಾಗುತ್ತಾ ಬಂದಿದೆ. ಇಂದಿನ ಸಾಮಾನ್ಯ ವೇಪ್‌ನ ಒಳಗಿನ ಏರ್ಪಾಡು ಇಷ್ಟು: ಒಂದು ಬ್ಯಾಟರಿ, ಒಂದು ಲೋಹದ ತಂತಿಯ ಸುರುಳಿ, ಅದಕ್ಕೆ ತಾಗಿದ ಹತ್ತಿಯ ಬತ್ತಿ, ಬತ್ತಿಯನ್ನು ತೊಯಿಸುವ ದ್ರವ. ಬಾಯಿಗಿಟ್ಟು ಎಳೆದೊಡನೆ ಸುರುಳಿ ಕಾಯುತ್ತದೆ, ಬತ್ತಿ ಹೀರಿದ ದ್ರವ ಆವಿಯಾಗಿ, ಮರುಕ್ಷಣ ತಣಿದು, ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಾಗುತ್ತದೆ. ಬಾಯಿಂದ ಹೊರಬರುವ ಬಿಳಿ ಮೋಡ ನೀರಿನ ಹಬೆ ಅಲ್ಲ. ಅದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ನಿಕೋಟಿನ್ ಮತ್ತು ಪರಿಮಳದ ರಾಸಾಯನಿಕಗಳು ತುಂಬಿದ ಹನಿಗಳ ರಾಶಿ. ಸುರುಳಿಯ ಲೋಹವೂ ಇದರಲ್ಲಿ ಪಾಲು ಹಾಕುತ್ತದೆ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಜ್ಞರು ದಿನವೂ ವೇಪ್ ಸೇದುವ 56 ಮಂದಿಯ ಸ್ವಂತ ಉಪಕರಣಗಳನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಾಟಲಿಯ ದ್ರವದಲ್ಲಿ ಅತ್ಯಲ್ಪವಿದ್ದ ಸೀಸ, ಕ್ರೋಮಿಯಂ, ನಿಕಲ್‌ನಂಥ ಲೋಹಗಳು ಕಾದ ಸುರುಳಿಯನ್ನು ಹಾದು ಬಂದ ಹನಿಗಳಲ್ಲಿ ಹೆಚ್ಚಾಗಿದ್ದವು. ಅಂದರೆ ಬಾಟಲಿಯ ಮೇಲಿನ ಚೀಟಿ ಓದಿದ ಮಾತ್ರಕ್ಕೆ ಶ್ವಾಸಕೋಶಕ್ಕೆ ಏನು ಹೋಗುತ್ತದೆಂದು ಗೊತ್ತಾಗುವುದಿಲ್ಲ.

ಪರಿಮಳದ ವಿಷಯದಲ್ಲಿ ಗೊಂದಲ ಇನ್ನೂ ದೊಡ್ಡದು. ಮಾವು, ಪುದೀನ, ಸ್ಟ್ರಾಬೆರಿ, ದಾಲ್ಚಿನ್ನಿ, ಬೆಣ್ಣೆ ಬಿಸ್ಕತ್ತು ಹೀಗೆ ನೂರಾರು ಬಗೆಯ ಸ್ವಾದಗಳಿವೆ. ಇವುಗಳಲ್ಲಿ ಬಳಸುವ ರಾಸಾಯನಿಕಗಳು ಆಹಾರಕ್ಕೆ ಸುರಕ್ಷಿತವೆಂದು ಅನುಮತಿ ಪಡೆದಿವೆ ಎಂಬುದು ಮಾರಾಟಗಾರರ ಸಮರ್ಥನೆ. ಅನುಮತಿ ಸಿಕ್ಕಿರುವುದು ನುಂಗುವುದಕ್ಕೆ. ನಮ್ಮ ಅಡುಗೆಮನೆಗಳಲ್ಲಿ ಒಣಮೆಣಸಿನಕಾಯಿ ಒಗ್ಗರಣೆಗೆ ಬಿದ್ದಾಗ ಏಳುವ ಘಾಟಿಗೆ ಇಡೀ ಮನೆ ಕೆಮ್ಮುತ್ತದೆ. ಅದೇ ಒಗ್ಗರಣೆಯ ಸಾರನ್ನು ಎರಡೆರಡು ಸಲ ಬಡಿಸಿಕೊಂಡು ಉಣ್ಣುತ್ತೇವೆ. ಹೊಟ್ಟೆಯಲ್ಲಿ ಆಮ್ಲವಿದೆ, ಕಿಣ್ವಗಳಿವೆ, ಅಲ್ಲಿಂದ ಹೀರಿದ್ದನ್ನು ಮೊದಲು ಯಕೃತ್ತು ಶೋಧಿಸುತ್ತದೆ. ಶ್ವಾಸಕೋಶದಲ್ಲಿ ಅಂಥ ಕಾವಲು ಇಲ್ಲ. ಅಲ್ಲಿರುವ 30 ಕೋಟಿಗೂ ಹೆಚ್ಚು ಗಾಳಿಗೂಡುಗಳನ್ನು ಬಿಡಿಸಿ ಹಾಸಿದರೆ ಸುಮಾರು 70 ಚದರ ಮೀಟರ್ ಆಗುತ್ತದೆ. ಆಮ್ಲಜನಕ ಸಲೀಸಾಗಿ ರಕ್ತಕ್ಕೆ ದಾಟಲೆಂದೇ ಆ ಗೂಡುಗಳ ಗೋಡೆ ಅಷ್ಟು ತೆಳುವಾಗಿದೆ. ಆಮ್ಲಜನಕಕ್ಕೆ ತೆರೆದ ಬಾಗಿಲು ಉಳಿದವುಗಳಿಗೂ ತೆರೆದೇ ಇರುತ್ತದೆ.

ಬೆಣ್ಣೆಯ ಪರಿಮಳ ಕೊಡುವ ಡೈಅಸಿಟೈಲ್ ಇದಕ್ಕೆ ನಿದರ್ಶನ. 2000ನೇ ಇಸವಿಯಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಜಾಸ್ಪರ್ ಎಂಬ ಊರಿನ ಪಾಪ್‌ಕಾರ್ನ್ ಕಾರ್ಖಾನೆಯ ಎಂಟು ಮಾಜಿ ಕೆಲಸಗಾರರಲ್ಲಿ ಅಪರೂಪದ ಕಾಯಿಲೆ ಕಂಡುಬಂತು. ಅವರ ಸಣ್ಣ ಶ್ವಾಸನಾಳಗಳು ಗಾಯಗೊಂಡು, ಕಲೆಗಟ್ಟಿ, ಮುಚ್ಚಿಕೊಂಡಿದ್ದವು. ತಿಂದರೆ ಅಪಾಯವಿಲ್ಲದ ಬೆಣ್ಣೆ ಪರಿಮಳವನ್ನು ದಿನವಿಡೀ ಉಸಿರಾಡಿದ್ದರ ಫಲವದು. 2015ರಲ್ಲಿ ಹಾರ್ವರ್ಡ್‌ನ ತಜ್ಞರು 51 ಬಗೆಯ ಸ್ವಾದದ ಇ-ಸಿಗರೇಟುಗಳನ್ನು ಪರೀಕ್ಷಿಸಿದಾಗ 39ರಲ್ಲಿ ಇದೇ ಡೈಅಸಿಟೈಲ್ ಸಿಕ್ಕಿತು. ಇಲ್ಲಿಯೂ ಸತ್ಯವನ್ನು ಅಳತೆ ಮೀರಿ ಹಿಗ್ಗಿಸಬಾರದು. ವೇಪ್‌ನ ಡೈಅಸಿಟೈಲ್‌ನಿಂದಲೇ ‘ಪಾಪ್‌ಕಾರ್ನ್ ಲಂಗ್’ ಎಂದು ಹೆಸರಾದ ಈ ಕಾಯಿಲೆ ಬಂದಿದೆ ಎಂದು ಖಚಿತವಾದ ಪ್ರಕರಣಗಳಿಲ್ಲ. ಸಿಗರೇಟಿನ ಹೊಗೆಯಲ್ಲಿ ಡೈಅಸಿಟೈಲ್ ಇನ್ನೂ ಹೆಚ್ಚಾಗಿರುತ್ತದೆ. ಬ್ರಿಟನ್ 2016ರಲ್ಲೇ ವೇಪ್ ದ್ರವಗಳಲ್ಲಿ ಅದನ್ನು ನಿಷೇಧಿಸಿತು. ವೇಪ್ ಸೇದಿದರೆ ಪಾಪ್‌ಕಾರ್ನ್ ಲಂಗ್ ಬಂದೇ ಬರುತ್ತದೆ ಎಂದು ಮಕ್ಕಳನ್ನು ಹೆದರಿಸಿದರೆ, ಅದು ಸುಳ್ಳೆಂದು ತಿಳಿದ ದಿನ ಅವರು ನಮ್ಮ ಉಳಿದ ಮಾತುಗಳನ್ನೂ ನಂಬುವುದಿಲ್ಲ. ಜಾಸ್ಪರ್‌ನಿಂದ ಕಲಿಯಬೇಕಾದ್ದು ಇಷ್ಟು: ತಿನ್ನಲು ಯೋಗ್ಯ ಎಂಬ ಪ್ರಮಾಣಪತ್ರಕ್ಕೆ ಶ್ವಾಸಕೋಶದ ಬಾಗಿಲಲ್ಲಿ ಬೆಲೆಯಿಲ್ಲ.

ಶೇ 95ರ ಲೆಕ್ಕ ಯಾರದು, ಯಾರಿಗೆ

ವೇಪ್ ಪರವಾದ ಅತ್ಯಂತ ಪ್ರಬಲ ವಾದ ಬ್ರಿಟನ್ನಿನಿಂದ ಬಂದದ್ದು. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಪಬ್ಲಿಕ್ ಹೆಲ್ತ್ ಇಂಗ್ಲೆಂಡ್ 2015ರಲ್ಲಿ ಇ-ಸಿಗರೇಟು ಸಾಮಾನ್ಯ ಸಿಗರೇಟಿಗಿಂತ ಶೇ 95ರಷ್ಟು ಕಡಿಮೆ ಹಾನಿಕಾರಕ ಎಂದು ಹೇಳಿತು. ಈ ಅಂಕಿಯ ಮೂಲ ಹಿಂದಿನ ವರ್ಷ ಪ್ರಕಟವಾದ ತಜ್ಞರ ಸಣ್ಣ ಗುಂಪೊಂದರ ಅಂದಾಜು. ಅವರು ನಿಕೋಟಿನ್‌ನ ಬೇರೆ ಬೇರೆ ಉತ್ಪನ್ನಗಳಿಗೆ ಹಾನಿಯ ಅಂಕ ಕೊಡುತ್ತಾ ಹೋಗಿದ್ದರು; ಬಹುಪಾಲು ಉತ್ಪನ್ನಗಳ ವಿಷಯದಲ್ಲಿ ಗಟ್ಟಿ ಸಾಕ್ಷ್ಯದ ಕೊರತೆಯಿದೆ ಎಂದು ತಮ್ಮ ಪ್ರಬಂಧದಲ್ಲೇ ಒಪ್ಪಿಕೊಂಡಿದ್ದರು. ಅಂಕಿ ಹುಟ್ಟಿದ ರೀತಿ ಏನೇ ಇರಲಿ, ಅದರ ಹಿಂದಿನ ತರ್ಕದಲ್ಲಿ ಹುರುಳಿದೆ. ಸಿಗರೇಟಿನಲ್ಲಿ ತಂಬಾಕು ಉರಿಯುತ್ತದೆ. ಉರಿದಾಗ ಟಾರ್, ಕಾರ್ಬನ್ ಮಾನಾಕ್ಸೈಡ್ ಮತ್ತು ಸಾವಿರಾರು ರಾಸಾಯನಿಕಗಳು ಹುಟ್ಟುತ್ತವೆ. ವೇಪ್‌ನಲ್ಲಿ ಏನೂ ಉರಿಯುವುದಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2018ರಲ್ಲಿ ಹೊರತಂದ ದೊಡ್ಡ ವಿಮರ್ಶಾ ವರದಿಯೂ, ಧೂಮಪಾನಿ ಸಿಗರೇಟನ್ನು ಸಂಪೂರ್ಣ ಬಿಟ್ಟು ವೇಪ್‌ಗೆ ಬದಲಾದರೆ ಅವನ ದೇಹಕ್ಕೆ ಸೇರುವ ವಿಷಗಳು ಕಡಿಮೆಯಾಗುತ್ತವೆ ಎಂಬುದಕ್ಕೆ ನಿರ್ಣಾಯಕ ಸಾಕ್ಷ್ಯವಿದೆ ಎಂದಿತು.

ಇದನ್ನು ಒಪ್ಪಿದ ಮೇಲೆ ಕೇಳಬೇಕಾದ ಪ್ರಶ್ನೆ: ಈ ಲೆಕ್ಕ ಯಾರಿಗೆ ಅನ್ವಯಿಸುತ್ತದೆ? ಮೂವತ್ತು ವರ್ಷ ಸಿಗರೇಟು ಸೇದಿ, ಏನು ಮಾಡಿದರೂ ಬಿಡಲಾಗದ ಐವತ್ತರ ಮನುಷ್ಯನಿಗೆ ವೇಪ್ ಎಂದರೆ ದೊಡ್ಡ ಹಾನಿಯಿಂದ ಸಣ್ಣ ಹಾನಿಗೆ ಇಳಿಯುವ ಮೆಟ್ಟಿಲು. ಹದಿನಾರರ ಹುಡುಗಿಗೆ ಅದೇ ಉಪಕರಣ ಶೂನ್ಯದಿಂದ ಹಾನಿಯತ್ತ ಹತ್ತುವ ಮೆಟ್ಟಿಲು. ಅವಳ ಶ್ವಾಸಕೋಶ ಇದುವರೆಗೆ ಉಸಿರಾಡಿದ್ದು ಗಾಳಿಯನ್ನು. ಅವಳ ಮಟ್ಟಿಗೆ ಹೋಲಿಕೆ ನಡೆಯಬೇಕಾದ್ದು ಗಾಳಿಯ ಜೊತೆಗೇ. ಸಿಗರೇಟು ಮನುಷ್ಯ ಮಾರಾಟಕ್ಕಿಟ್ಟ ವಸ್ತುಗಳಲ್ಲೇ ಅತ್ಯಂತ ಮಾರಕವಾದವುಗಳಲ್ಲಿ ಒಂದು. ಅದಕ್ಕಿಂತ ಕಡಿಮೆ ಮಾರಕ ಎನಿಸಿಕೊಳ್ಳುವುದು ಕಷ್ಟವೇನಲ್ಲ, ಹಾಗೆನಿಸಿಕೊಂಡದ್ದೆಲ್ಲ ನಿರಪಾಯವೂ ಅಲ್ಲ. ಬ್ರಿಟನ್ನಿನ ಆರೋಗ್ಯ ಸೇವೆಯೂ ತನ್ನ ಸಲಹೆಯನ್ನು ಧೂಮಪಾನಿಗಳಿಗೆ ಸೀಮಿತಗೊಳಿಸಿದೆ. ಮಕ್ಕಳೂ ಸಿಗರೇಟು ಸೇದದವರೂ ವೇಪ್ ಮುಟ್ಟಬಾರದು ಎಂದು ಸ್ಪಷ್ಟವಾಗಿ ಹೇಳುತ್ತದೆ. ವೇಪ್‌ಗೆ ಅಷ್ಟು ಬೆಂಬಲ ಕೊಟ್ಟ ಆ ದೇಶವೇ 2025ರ ಜೂನ್ 1ರಿಂದ ಬಳಸಿ ಬಿಸಾಡುವ ವೇಪ್‌ಗಳ ಮಾರಾಟವನ್ನು ನಿಷೇಧಿಸಿದೆ. ಅದಕ್ಕೆ ಅದು ಕೊಟ್ಟ ಕಾರಣಗಳಲ್ಲಿ ಪರಿಸರದ ಜೊತೆಗೆ ಎಳೆಯರ ಚಟವೂ ಇತ್ತು.

ಗಾಳಿಯ ಎದುರು ಇಟ್ಟಾಗ

ಶುದ್ಧ ಗಾಳಿಯನ್ನು ಅಳತೆಗೋಲಾಗಿ ಇಟ್ಟುಕೊಂಡ ಅಧ್ಯಯನಗಳು ಏನು ಹೇಳುತ್ತವೆ? ಹ್ಯೂಸ್ಟನ್‌ನ ಬೇಲರ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇಲಿಗಳಿಗೆ ನಾಲ್ಕು ತಿಂಗಳು ವೇಪ್‌ನ ಹನಿಗಳನ್ನು ಉಸಿರಾಡಿಸಿದರು. ಒಂದು ಗುಂಪಿಗೆ ನಿಕೋಟಿನ್ ಇದ್ದ ದ್ರವ, ಇನ್ನೊಂದಕ್ಕೆ ನಿಕೋಟಿನ್ ಇಲ್ಲದ ದ್ರವ, ಮತ್ತೊಂದಕ್ಕೆ ಬರೀ ಗಾಳಿ. ನಮ್ಮ ಗಾಳಿಗೂಡುಗಳ ಒಳಮೈಗೆ ಸರ್ಫ್ಯಾಕ್ಟಂಟ್ ಎಂಬ ಕೊಬ್ಬಿನಂಶದ ತೆಳು ಲೇಪವಿರುತ್ತದೆ. ಪ್ರತಿ ಬಾರಿ ಉಸಿರು ಬಿಟ್ಟಾಗ ಗೂಡುಗಳು ಕುಸಿದು ಅಂಟಿಕೊಳ್ಳದಂತೆ ಅದು ನೋಡಿಕೊಳ್ಳುತ್ತದೆ. ವೇಪ್ ಉಸಿರಾಡಿದ ಇಲಿಗಳಲ್ಲಿ ಈ ಲೇಪದ ನಿರ್ವಹಣೆ ಕೆಟ್ಟಿತ್ತು. ಗೂಡುಗಳನ್ನು ಸ್ವಚ್ಛ ಮಾಡುವ ರಕ್ಷಕ ಕೋಶಗಳೊಳಗೆ ಕೊಬ್ಬು ತುಂಬಿಕೊಂಡಿತ್ತು, ಫ್ಲೂ ವೈರಸ್ ತಗಲಿಸಿದಾಗ ಅವುಗಳ ಶ್ವಾಸಕೋಶ ಹೆಚ್ಚು ಹಾನಿಗೊಂಡಿತು. ಮುಖ್ಯ ಸಂಗತಿಯೆಂದರೆ ನಿಕೋಟಿನ್ ಇಲ್ಲದ ದ್ರವವೂ ಈ ತೊಂದರೆಗಳನ್ನು ಉಂಟುಮಾಡಿತು. ‘ನನ್ನದು ಬರೀ ಫ್ಲೇವರ್, ನಿಕೋಟಿನ್ ಇಲ್ಲ’ ಎನ್ನುವವರು ಗಮನಿಸಬೇಕಾದ ಫಲಿತಾಂಶವಿದು.

ಇಲಿಯ ಶ್ವಾಸಕೋಶವೇ ಮನುಷ್ಯನದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದು. ಮನುಷ್ಯರಲ್ಲೂ ಪುರಾವೆಗಳಿವೆ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ತಂಡ ವೇಪ್ ಬಳಸುವವರು, ಸಿಗರೇಟು ಸೇದುವವರು ಮತ್ತು ಏನೂ ಸೇದದವರ ಶ್ವಾಸಕೋಶದ ದ್ರವವನ್ನು ಬ್ರಾಂಕೋಸ್ಕೋಪಿ ಮೂಲಕ ತೆಗೆದು ಹೋಲಿಸಿತು. ಶ್ವಾಸಕೋಶದ ಸ್ಥಿತಿಸ್ಥಾಪಕ ಅಂಗಾಂಶವನ್ನು ಕರಗಿಸಬಲ್ಲ ಪ್ರೋಟಿಯೇಸ್ ಕಿಣ್ವಗಳು ಏನೂ ಸೇದದವರಿಗಿಂತ ವೇಪ್ ಬಳಸುವವರಲ್ಲೂ ಸಿಗರೇಟು ಸೇದುವವರಲ್ಲೂ ಹೆಚ್ಚಾಗಿದ್ದವು. ಧೂಮಪಾನಿಗಳಲ್ಲಿ ಗಾಳಿಗೂಡುಗಳ ಗೋಡೆ ನಶಿಸಿ ಎಂಫಿಸೀಮಾ ಬರಲು ಕಾರಣವಾಗುವುದು ಇಂಥ ಕಿಣ್ವಗಳೇ. ಇನ್ನು ಜನಸಮುದಾಯದ ಮಟ್ಟದಲ್ಲಿ, ಅಮೆರಿಕದ 30 ಸಾವಿರಕ್ಕೂ ಹೆಚ್ಚು ವಯಸ್ಕರನ್ನು 2013ರಿಂದ 2016ರವರೆಗೆ ಹಿಂಬಾಲಿಸಿದ ಅಧ್ಯಯನದ ವಿಶ್ಲೇಷಣೆಯೊಂದಿದೆ. ಆರಂಭದಲ್ಲಿ ಶ್ವಾಸಕೋಶದ ಕಾಯಿಲೆ ಇಲ್ಲದಿದ್ದವರ ಪೈಕಿ, ವೇಪ್ ಬಳಸುತ್ತಿದ್ದವರಿಗೆ ಅಸ್ತಮಾ, ಬ್ರಾಂಕೈಟಿಸ್, ಎಂಫಿಸೀಮಾದಂಥ ಕಾಯಿಲೆ ತಗಲುವ ಸಾಧ್ಯತೆ ಬಳಸದವರಿಗಿಂತ ಸುಮಾರು 1.3 ಪಟ್ಟು ಇತ್ತು. ಸಿಗರೇಟು ಸೇದುವವರಲ್ಲಿ ಅದು ಸುಮಾರು 2.6 ಪಟ್ಟು. ಎರಡನ್ನೂ ಒಟ್ಟಿಗೆ ಬಳಸಿದವರಲ್ಲಿ 3.3 ಪಟ್ಟು. ಈ ಮೂರು ಅಂಕಿಗಳು ಚರ್ಚೆಯ ಎರಡೂ ಬದಿಗೆ ಉತ್ತರ ಕೊಡುತ್ತವೆ. ವೇಪ್ ಸಿಗರೇಟಿಗಿಂತ ಕಡಿಮೆ ಕೆಡುಕು ನಿಜ. ಗಾಳಿಗಿಂತ ಕೆಡುಕು ಎಂಬುದೂ ಅಷ್ಟೇ ನಿಜ. ಸಿಗರೇಟನ್ನು ಬಿಡದೆ ವೇಪ್ ಸೇರಿಸಿಕೊಂಡರೆ ಎರಡರ ಹಾನಿಯೂ ಮೈಮೇಲೆ ಬರುತ್ತದೆ. ಇದು ಕೆಲವೇ ವರ್ಷಗಳ ಅಧ್ಯಯನ, ವೇಪ್ ಬಳಸಿದವರಲ್ಲಿ ಬಹಳ ಮಂದಿ ಹಿಂದೆ ಸಿಗರೇಟು ಸೇದಿದ್ದವರು ಎಂಬ ಮಿತಿಯನ್ನೂ ನೆನಪಿಡಬೇಕು. ಆದರೆ ಪ್ರಯೋಗಾಲಯ, ಬ್ರಾಂಕೋಸ್ಕೋಪಿ ಮತ್ತು ಜನಸಮೀಕ್ಷೆ ಮೂರೂ ಒಂದೇ ದಿಕ್ಕಿಗೆ ಬೆರಳು ತೋರಿಸುವಾಗ ಅದನ್ನು ಕಾಕತಾಳೀಯ ಎನ್ನಲಾಗದು.

‘ಇಷ್ಟು ವರ್ಷಗಳಲ್ಲಿ ವೇಪ್‌ನಿಂದ ಶ್ವಾಸಕೋಶದ ಕ್ಯಾನ್ಸರ್ ಬಂದದ್ದು ಸಾಬೀತಾಗಿದೆಯೇ?’ ಎಂಬುದು ಮುಂದಿನ ಸವಾಲು. ಆಗಿಲ್ಲ. ಅದರಿಂದ ನಿಶ್ಚಿಂತರಾಗುವಂತಿಲ್ಲ. ಸಿಗರೇಟು ಸುತ್ತುವ ಯಂತ್ರ ಬಂದದ್ದು 1880ರ ದಶಕದಲ್ಲಿ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ಲಂಡನ್ನಿನ ಆಸ್ಪತ್ರೆಗಳ ರೋಗಿಗಳನ್ನು ಅಧ್ಯಯನ ಮಾಡಿ ತೋರಿಸಿಕೊಟ್ಟದ್ದು 1950ರಲ್ಲಿ. ನಡುವಿನ ಆರೇಳು ದಶಕಗಳಲ್ಲಿ ಸಿಗರೇಟು ಮನೆಮಾತಾಯಿತು, ಸೈನಿಕರ ಪಡಿತರವಾಯಿತು, ವೈದ್ಯರ ಚಿತ್ರ ಹಾಕಿಕೊಂಡ ಜಾಹೀರಾತೂ ಆಯಿತು. ಶ್ವಾಸಕೋಶದ ಕ್ಯಾನ್ಸರ್, ಎಂಫಿಸೀಮಾ ಇವೆಲ್ಲ ಎರಡು ಮೂರು ದಶಕಗಳ ಕಾಲ ಒಳಗೇ ಬೆಳೆದು ಹೊರಬೀಳುವ ಕಾಯಿಲೆಗಳು. ಎಳೆಯರಲ್ಲಿ ವೇಪ್ ಹುಚ್ಚು ಹಬ್ಬಿದ್ದು 2015ರ ಆಚೀಚೆ. ಆಗ ಹದಿನೈದಾಗಿದ್ದವರಿಗೆ ಈಗ ಮೂವತ್ತೂ ದಾಟಿಲ್ಲ. ಕಾಯಿಲೆ ಕಾಣಿಸಿಕೊಳ್ಳುವ ವಯಸ್ಸೇ ಬಂದಿಲ್ಲದಿರುವಾಗ ಕಾಯಿಲೆ ಕಾಣಲಿಲ್ಲ ಎಂಬುದನ್ನು ಪುರಾವೆಯಾಗಿ ಮುಂದಿಡಲಾಗದು. ಹೊಸ ವಸ್ತುವೊಂದು ನಿರಪಾಯವೆಂದು ತೋರಿಸುವ ಹೊಣೆ ಅದನ್ನು ಮಾರುವವನದು. ಒಂದು ತಲೆಮಾರು ಸೇದಿ ನೋಡಲಿ, ಆಮೇಲೆ ಎಣಿಸೋಣ ಎನ್ನುವುದು ವಿಜ್ಞಾನವಲ್ಲ.

ಬಿಡಿಸುವ ಸಾಧನ, ಹಿಡಿಸುವ ಸಾಧನ

ವೇಪ್ ಸಿಗರೇಟು ಬಿಡಿಸುತ್ತದೆ ಎಂಬ ವಾದವನ್ನೂ ಗೌರವದಿಂದಲೇ ಎದುರಿಸಬೇಕು, ಏಕೆಂದರೆ ಅದಕ್ಕೆ ಆಧಾರವಿದೆ. ಬ್ರಿಟನ್ನಿನಲ್ಲಿ 886 ಧೂಮಪಾನಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಸಿಗರೇಟು ಬಿಟ್ಟು ಉಳಿದವರು ಇ-ಸಿಗರೇಟು ಪಡೆದ ಗುಂಪಿನಲ್ಲಿ ಶೇ 18, ನಿಕೋಟಿನ್ ಪ್ಯಾಚ್, ಗಮ್ ಮುಂತಾದವುಗಳನ್ನು ಪಡೆದ ಗುಂಪಿನಲ್ಲಿ ಶೇ 9.9. ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡುವ ಕೊಕ್ರೇನ್ ವಿಮರ್ಶೆಯೂ ಇದೇ ದಿಕ್ಕಿನಲ್ಲಿದೆ. ಆದರೆ ಆ ಪ್ರಯೋಗದಲ್ಲಿ ಭಾಗವಹಿಸಿದವರು ಬಿಡಬೇಕೆಂದು ತಾವಾಗಿ ಬಂದ ವಯಸ್ಕರು. ಅವರಿಗೆ ವಾರವಾರವೂ ಆಪ್ತಸಮಾಲೋಚನೆ ಸಿಗುತ್ತಿತ್ತು. ಬಳಸಿದ್ದು ಬ್ರಿಟನ್ನಿನ ನಿಯಮಕ್ಕೆ ಒಳಪಟ್ಟ, ಒಂದು ಮಿಲಿಲೀಟರ್‌ಗೆ 20 ಮಿಲಿಗ್ರಾಂ ಮಿತಿಯೊಳಗಿನ ನಿಕೋಟಿನ್. ಅದೇ ಪ್ರಯೋಗದ ಇನ್ನೊಂದು ಫಲಿತಾಂಶ ಅಷ್ಟಾಗಿ ಪ್ರಚಾರ ಪಡೆಯುವುದಿಲ್ಲ. ಸಿಗರೇಟು ಬಿಡುವಲ್ಲಿ ಗೆದ್ದವರ ಪೈಕಿ, ಪ್ಯಾಚ್–ಗಮ್ ಗುಂಪಿನಲ್ಲಿ ವರ್ಷದ ನಂತರವೂ ಅವನ್ನೇ ಬಳಸುತ್ತಿದ್ದವರು ಶೇ 9. ಇ-ಸಿಗರೇಟು ಗುಂಪಿನಲ್ಲಿ ವೇಪ್ ಸೇದುತ್ತಲೇ ಇದ್ದವರು ಶೇ 80. ಸಿಗರೇಟು ಹೋಯಿತು, ನಿಕೋಟಿನ್ ಉಳಿಯಿತು.

ಮಾರುಕಟ್ಟೆಗೆ ಬಂದ ವೇಪ್ ಈ ಚಿಕಿತ್ಸೆಯ ಹಾದಿಯಲ್ಲಿ ನಡೆಯಲೇ ಇಲ್ಲ. 2015ರಲ್ಲಿ ಅಮೆರಿಕದಲ್ಲಿ ಬಿಡುಗಡೆಯಾದ ಜೂಲ್ ಎಂಬ ವೇಪ್ ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲ ಸೇರಿಸಿ ಲವಣರೂಪಕ್ಕೆ ತಂದಿತು. ಸಾಮಾನ್ಯವಾಗಿ ಹೆಚ್ಚು ನಿಕೋಟಿನ್ ಇದ್ದರೆ ಗಂಟಲು ಉರಿಯುತ್ತದೆ, ಹೊಸಬರು ಕೆಮ್ಮಿ ಕೈಬಿಡುತ್ತಾರೆ. ಲವಣರೂಪದಲ್ಲಿ ಆ ಉರಿಯಿಲ್ಲ. ಹಾಗಾಗಿ ಒಂದು ಮಿಲಿಲೀಟರ್‌ಗೆ ಸುಮಾರು 59 ಮಿಲಿಗ್ರಾಂನಷ್ಟು ತೀಕ್ಷ್ಣ ನಿಕೋಟಿನ್ ಕೂಡ ಮಾವಿನ ಪರಿಮಳದೊಂದಿಗೆ ಸಲೀಸಾಗಿ ಒಳಗಿಳಿಯಿತು. ಫಲ ತಿಳಿಯಲು ಹೆಚ್ಚು ಕಾಲ ಬೇಕಾಗಲಿಲ್ಲ: 2018ರಲ್ಲಿ ಅಮೆರಿಕದ ಸರ್ಜನ್ ಜನರಲ್ ಎಳೆಯರ ವೇಪಿಂಗನ್ನು ಸಾಂಕ್ರಾಮಿಕವೆಂದು ಘೋಷಿಸಿದರು, 2019ರ ಸಮೀಕ್ಷೆಯಲ್ಲಿ ಅಲ್ಲಿನ ಪ್ರೌಢಶಾಲಾ ವಿದ್ಯಾರ್ಥಿಗಳಲ್ಲಿ ಶೇ 27.5 ಮಂದಿ ಹಿಂದಿನ 30 ದಿನಗಳಲ್ಲಿ ವೇಪ್ ಸೇದಿದ್ದರು. ಇವರು ಹೇಗಿದ್ದರೂ ಸಿಗರೇಟು ಸೇದುತ್ತಿದ್ದ ಸ್ವಭಾವದವರು, ವೇಪ್ ಅವರನ್ನು ಉಳಿಸಿತು ಎಂದು ಕೆಲವರು ವಾದಿಸುತ್ತಾರೆ. ಅದೇ ವರ್ಷಗಳಲ್ಲಿ ಅಮೆರಿಕದ ಎಳೆಯರ ಸಿಗರೇಟು ಸೇವನೆ ಇಳಿದದ್ದೂ ನಿಜ. ಆದರೆ ನಾಲ್ಕರಲ್ಲೊಬ್ಬ ವಿದ್ಯಾರ್ಥಿಯನ್ನು ಸಹಜ ಧೂಮಪಾನಿಯೆಂದು ಕರೆಯುವ ವಾದ ನಿಲ್ಲುವುದಿಲ್ಲ. ವೇಪ್ ಬಳಸಿದ ಎಳೆಯರು ಮುಂದೆ ಸಿಗರೇಟು ಹಿಡಿಯುವ ಸಾಧ್ಯತೆ ಹೆಚ್ಚು ಎಂಬುದಕ್ಕೆ ಗಣನೀಯ ಸಾಕ್ಷ್ಯವಿದೆ ಎಂದು 2018ರ ಅಕಾಡೆಮಿಗಳ ವರದಿಯೇ ಹೇಳಿದೆ. ಅವರು ಸಿಗರೇಟು ಹಿಡಿಯದಿದ್ದರೂ, ನಿಕೋಟಿನ್ ಚಟ ಹತ್ತಿದವನ ಶ್ವಾಸಕೋಶಕ್ಕೆ ಆ ಹನಿಗಳು ದಿನಕ್ಕೆ ಹತ್ತಾರು ಸಲ, ವರ್ಷಗಟ್ಟಲೆ ಇಳಿಯುತ್ತವೆ. ಹಾನಿಯ ಪ್ರಮಾಣವನ್ನು ನಿರ್ಧರಿಸುವುದು ಈ ಚಟವೇ.

ನಮ್ಮಲ್ಲಿ ನಿಷೇಧವಿದೆ, ಸರಕೂ ಇದೆ

ಕರ್ನಾಟಕ ಇ-ಸಿಗರೇಟನ್ನು 2016ರಲ್ಲೇ ನಿಷೇಧಿಸಿತು. ಇಡೀ ದೇಶಕ್ಕಿಂತ ಮೂರು ವರ್ಷ ಮುಂಚೆ. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್‌ನಲ್ಲಿ ಸುಗ್ರೀವಾಜ್ಞೆ ತಂದು, ಡಿಸೆಂಬರ್‌ನಲ್ಲಿ ಅದನ್ನು ಕಾಯ್ದೆಯಾಗಿಸಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ. ದಾಸ್ತಾನು ಇಡುವುದಕ್ಕೂ ಪ್ರತ್ಯೇಕ ಶಿಕ್ಷೆಯಿದೆ. ಸೇದುವುದನ್ನು ಮಾತ್ರ ಕಾಯ್ದೆ ಅಪರಾಧವೆನ್ನುವುದಿಲ್ಲ; ಅದು ಸರಿಯಾದ ವಿವೇಚನೆ, ಏಕೆಂದರೆ ಚಟಕ್ಕೆ ಬಿದ್ದ ಹುಡುಗನಿಗೆ ಬೇಕಾದ್ದು ನೆರವು, ಠಾಣೆಯಲ್ಲ. ಆದರೂ ಬಂದರುಗಳಲ್ಲಿ, ವಿಮಾನ ನಿಲ್ದಾಣಗಳಲ್ಲಿ ಕಳ್ಳಸಾಗಣೆಯ ವೇಪ್‌ಗಳು ಸಿಕ್ಕಿಬೀಳುತ್ತಲೇ ಇವೆ. ನಿಷೇಧ ಸರಿಯಾಗಿ ಜಾರಿಯಾಗಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2023ರಲ್ಲಿ ಮತ್ತೆ ಸಾರ್ವಜನಿಕ ಪ್ರಕಟಣೆ ಹೊರಡಿಸಿ, ದೂರು ಕೊಡಲು ಆನ್‌ಲೈನ್ ವ್ಯವಸ್ಥೆ ಮಾಡಬೇಕಾಯಿತು.

ನಿಷೇಧವೇ ಕಳ್ಳಸಂತೆಯನ್ನು ಸೃಷ್ಟಿಸಿತು, ಕಾನೂನುಬದ್ಧಗೊಳಿಸಿ ಗುಣಮಟ್ಟ ನಿಯಂತ್ರಿಸಿದರೆ ಶ್ವಾಸಕೋಶಗಳು ಉಳಿಯುತ್ತವೆ ಎಂಬುದು ಎದುರಾಳಿಗಳ ಗಟ್ಟಿ ಆಕ್ಷೇಪ. ಇವಾಲಿಯ ಪಾಠವೂ ಇದಕ್ಕೆ ಬೆಂಬಲವಾಗಿ ಕಾಣುತ್ತದೆ: ಕೊಂದದ್ದು ಕಳ್ಳಸಂತೆಯ ಕಲಬೆರಕೆ ತಾನೆ? ಇಲ್ಲಿ ಭಾರತದ ವಾಸ್ತವವನ್ನು ನೋಡಬೇಕು. 2016–17ರ ವಯಸ್ಕರ ತಂಬಾಕು ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಶೇ 28.6 ಮಂದಿ ತಂಬಾಕು ಬಳಸುತ್ತಿದ್ದರು. ಅಗಿಯುವ, ಮೂಗಿಗೇರಿಸುವ ತಂಬಾಕು ಬಳಸುವವರೇ ಶೇ 21.4. ಬೀಡಿ ಸೇದುವವರು ಶೇ 7.7, ಸಿಗರೇಟು ಸೇದುವವರು ಶೇ 4. ಬ್ರಿಟನ್ನಿನಲ್ಲಿ ವೇಪ್ ಬದಲಿಯಾಗಿ ನಿಂತದ್ದು ಸಿಗರೇಟಿಗೆ. ನಮ್ಮಲ್ಲಿ ಗುಟ್ಕಾ ಜಗಿಯುವ ಲಾರಿ ಚಾಲಕನೋ ಬೀಡಿ ಸೇದುವ ಕೂಲಿಯಾಳೋ ನೂರಾರು ರೂಪಾಯಿಯ ವೇಪ್‌ಗೆ ಬದಲಾಗುವುದಿಲ್ಲ. ಅದನ್ನು ಕೊಳ್ಳುವವರು ಕೈಯಲ್ಲಿ ಪಾಕೆಟ್ ಮನಿ ಇರುವ ನಗರದ ಎಳೆಯರು. ಅಂದರೆ ಕಾನೂನುಬದ್ಧಗೊಳಿಸಿದರೆ ಲಾಭದ ತಕ್ಕಡಿಯಲ್ಲಿ ಬೀಳುವವರು ಕೆಲವರು, ನಷ್ಟದ ತಕ್ಕಡಿಯಲ್ಲಿ ಬೀಳುವವರು ಬಹಳ ಮಂದಿ. ಅಮೆರಿಕದಲ್ಲಿ ಜೂಲ್ ಅಂಗಡಿಯಲ್ಲಿ ಬಹಿರಂಗವಾಗಿಯೇ ಮಾರಾಟವಾಗುತ್ತಿತ್ತು. ಅದು ಕಾನೂನಿನ ಒಳಗಿದ್ದೇ ಶಾಲೆಗಳನ್ನು ತುಂಬಿತು.

ಹಾಗಾದರೆ ಬೀಡಿ, ಸಿಗರೇಟು ಮಾರಲು ಬಿಟ್ಟು ವೇಪ್ ಮಾತ್ರ ನಿಷೇಧಿಸುವುದು ಯಾವ ನ್ಯಾಯ? ಈ ಪ್ರಶ್ನೆಯಲ್ಲಿ ಸತ್ಯವಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಹುಣಸೂರು, ಪಿರಿಯಾಪಟ್ಟಣದ ರೈತರ ಹೊಗೆಸೊಪ್ಪು ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಮಾರಾಟವಾಗುತ್ತದೆ. ದಕ್ಷಿಣ ಕನ್ನಡದಲ್ಲಿ ಎಷ್ಟೋ ಹೆಂಗಸರು ಮನೆಯ ಜಗಲಿಯಲ್ಲಿ ಕೂತು ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದ್ದಾರೆ. ಒಂದು ಮಾರಕ ಸರಕು ಇಷ್ಟು ಜನರ ಅನ್ನದೊಂದಿಗೆ ಹೆಣೆದುಕೊಂಡ ಮೇಲೆ ಅದನ್ನು ಬಿಡಿಸುವುದು ಎಷ್ಟು ಕಷ್ಟವೆಂದು ನಮ್ಮ ನಾಡಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ಇನ್ನೊಂದು ಅಂಥ ಸರಕು ಬೇರುಬಿಡುವ ಮುನ್ನವೇ ತಡೆಯಬೇಕೆನ್ನುವುದಕ್ಕೆ ಇದೇ ಕಾರಣ. ಹಳೆಯ ತಪ್ಪಿಗೆ ಪರಿಹಾರ ಸಿಗರೇಟಿನ ಮೇಲೆ ಹೆಚ್ಚು ತೆರಿಗೆ, ಬಿಡಿ ಸಿಗರೇಟು ಮಾರಾಟಕ್ಕೆ ಕಡಿವಾಣ, ಬೆಳೆಗಾರರಿಗೂ ಬೀಡಿ ಕಾರ್ಮಿಕರಿಗೂ ಬದಲಿ ದುಡಿಮೆ. ಹೊಸ ತಪ್ಪನ್ನು ಅದರ ಪಕ್ಕದಲ್ಲಿ ಕೂರಿಸುವುದು ಪರಿಹಾರವಾಗದು.

ನಿಷೇಧದ ಆಚೆಗೆ

ನಿಷೇಧವನ್ನು ಸಮರ್ಥಿಸುವವರಿಗೆ ಒಂದು ಹೊಣೆಯೂ ಇದೆ. ಇಂದು ನಮ್ಮಲ್ಲಿ ವೇಪ್ ಸೇದುವ ಪ್ರತಿಯೊಬ್ಬನೂ ಸೇದುತ್ತಿರುವುದು ಕಳ್ಳಸಂತೆಯ ಸರಕು. ಅದರಲ್ಲಿ ನಿಕೋಟಿನ್ ಎಷ್ಟಿದೆ, ಮಂದಗೊಳಿಸಲು ಏನು ಬೆರೆಸಿದ್ದಾರೆ, ಸುರುಳಿಯ ಲೋಹ ಯಾವುದು ಎಂದು ಅವನಿಗೂ ತಿಳಿಯದು, ಮಾರುವವನಿಗೂ ತಿಳಿಯದು. ಆದ್ದರಿಂದ ವಶಪಡಿಸಿಕೊಂಡ ಸರಕನ್ನು ನಾಶಮಾಡುವ ಮುನ್ನ ಅದರ ಮಾದರಿಗಳನ್ನು ಸರ್ಕಾರಿ ಪ್ರಯೋಗಾಲಯಗಳಲ್ಲಿ ಪರೀಕ್ಷಿಸಿ, ಫಲಿತಾಂಶವನ್ನು ಜನರ ಮುಂದಿಡಬೇಕು. ಎರಡನೆಯದಾಗಿ, ಎಳೆಯರು ಕೆಮ್ಮು, ಏದುಸಿರೆಂದು ಬಂದಾಗ ವೈದ್ಯರು ಬೀಡಿ, ಸಿಗರೇಟಿನ ಜೊತೆಗೆ ವೇಪ್ ಬಗ್ಗೆಯೂ ಹೆಸರು ಹಿಡಿದು ಕೇಳಬೇಕು, ಸಾಧ್ಯವಾದರೆ ಅಪ್ಪ ಅಮ್ಮನನ್ನು ಹೊರಗೆ ಕಳಿಸಿ ಕೇಳಬೇಕು. ಮಿಲ್ವಾಕಿಯಲ್ಲಿ ರೋಗದ ಜಾಡು ಸಿಕ್ಕಿದ್ದು ಯಾವುದೋ ದುಬಾರಿ ಯಂತ್ರದಿಂದಲ್ಲ; ವೈದ್ಯರು ಆ ಪ್ರಶ್ನೆ ಕೇಳಿದ್ದರಿಂದ, ಎಳೆಯರು ನಿಜ ಹೇಳಿದ್ದರಿಂದ. ಬೈಗುಳ, ಶಾಲೆಯಿಂದ ಹೊರಹಾಕುವ ಬೆದರಿಕೆ ಆ ನಿಜವನ್ನು ಮುಚ್ಚಿಸುತ್ತವೆ.

ಮೂರನೆಯದು, ಬಿಡಬೇಕೆನ್ನುವವರಿಗೆ ದಾರಿ. ಕೇಂದ್ರ ಸರ್ಕಾರದ 1800-11-2356 ಉಚಿತ ಸಹಾಯವಾಣಿಗೆ ಕರೆ ಮಾಡಿದರೆ ತಂಬಾಕು ಬಿಡಲು ಆಪ್ತಸಮಾಲೋಚನೆ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಈ ಸೇವೆಯ ಪ್ರಾದೇಶಿಕ ಕೇಂದ್ರಗಳಲ್ಲಿ ಒಂದು. ನಿಕೋಟಿನ್ ಗಮ್ ಔಷಧ ಅಂಗಡಿಗಳಲ್ಲಿ ದೊರೆಯುತ್ತದೆ, ವೈದ್ಯರ ಸಲಹೆಯಂತೆ ಬಳಸಬಹುದು. ವೇಪ್ ಇಲ್ಲದೆ ಧೂಮಪಾನಿಗೆ ಬೇರೆ ದಾರಿಯೇ ಇಲ್ಲ ಎಂಬ ಮಾತು ಸುಳ್ಳಾಗಬೇಕಾದರೆ ಈ ಸೇವೆಗಳು ತಾಲ್ಲೂಕು ಆಸ್ಪತ್ರೆಗಳಿಗೆ, ಕಾಲೇಜುಗಳಿಗೆ ತಲುಪಬೇಕು. ಬಾಗಿಲು ಮುಚ್ಚಿದ ಸರ್ಕಾರ ಪಕ್ಕದಲ್ಲಿ ಇನ್ನೊಂದು ಬಾಗಿಲು ತೆರೆಯದಿದ್ದರೆ ನಿಷೇಧಕ್ಕೆ ನೈತಿಕ ಬಲವಿರುವುದಿಲ್ಲ.

ಹಳೆಯ ಧೂಮಪಾನಿಯ ಕಷ್ಟವನ್ನು ಗುರಾಣಿ ಮಾಡಿಕೊಂಡು ಹೊಸ ಗಿರಾಕಿಯನ್ನು ಹುಡುಕುವ ವ್ಯಾಪಾರ ವೇಪ್‌ನ ಹಿಂದಿದೆ. ಧೂಮಪಾನಿಗೆ ಚಿಕಿತ್ಸೆ ಕೊಡೋಣ; ಅವನಿಗೆ ಅದು ಸಲ್ಲಬೇಕು. ಆದರೆ ಹದಿನಾರರ ಎಳೆಯರು ‘ಸಿಗರೇಟಿಗಿಂತ ವಾಸಿ ಅಲ್ವಾ?’ ಎಂದು ಕೇಳಿದಾಗ ನಾವು ಕೊಡಬೇಕಾದ ಉತ್ತರ ಒಂದೇ: ನೀನು ಸಿಗರೇಟು ಸೇದುವವನಲ್ಲ, ಆ ಹೋಲಿಕೆ ನಿನಗೆ ಸಂಬಂಧಿಸಿದ್ದಲ್ಲ; ನಿನ್ನ ಶ್ವಾಸಕೋಶಕ್ಕೆ ಗಾಳಿಯ ಹೊರತು ಬೇರೇನೂ ಬೇಕಿಲ್ಲ. ಈ ಉತ್ತರವನ್ನು ಮನೆ, ಶಾಲೆ, ಆಸ್ಪತ್ರೆ ಮೂರೂ ಕಡೆ ಹೆದರಿಸದೆ, ಅಲಂಕರಿಸದೆ, ಪುರಾವೆಯೊಂದಿಗೆ ಹೇಳಬೇಕು. ಸಿಗರೇಟಿನ ವಿಷಯದಲ್ಲಿ ಆ ಮಾತು ಹೇಳಲು ಜಗತ್ತು ಆರೇಳು ದಶಕ ತಡಮಾಡಿತು. ವೇಪ್ ವಿಷಯದಲ್ಲಿ ಎಚ್ಚರಿಕೆಯ ಸೂಚನೆಗಳು ಮೊದಲೇ ಕೈಸೇರಿವೆ. ತಿಳಿದಿರಲಿಲ್ಲ ಎನ್ನುವ ಅವಕಾಶ ಈ ಸಲ ನಮಗಿಲ್ಲ.